ಬಾಳೆಹಣ್ಣಿನ ಬಣ್ಣದ ಉಕ್ಕು

ಆ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಅವಳನ್ನು ‘ಸೊಸೆ’ ಎಂದೇ ಕರೆಯುತ್ತಾರೆ. ಹಾಲಿನವನಿಗೂ ಸೊಸೆ, ಎದುರುಮನೆಯ ಟೈಲರಿಗೂ ಸೊಸೆ, ಚಾಕು ಸಾಣೆ ಹಿಡಿಸಲು ಬರುವ ಹೋಟೆಲಿನ ಅಡುಗೆಯವರಿಗೂ ಸೊಸೆ. ಇವರೆಲ್ಲರ ಮಕ್ಕಳನ್ನೂ ಒಟ್ಟಿಗೆ ಕಟ್ಟಿಕೊಂಡು ಬಂದಳೇನೋ ಎನ್ನಬೇಕು! ಪಾಪ, ಕಟ್ಟಿಕೊಂಡದ್ದು ಒಬ್ಬನನ್ನೇ. ಅವನು ಬಸ್ಸಿನ ಡ್ರೈವರು. ಆದರೆ ಅವಳು ಬಂದು ಸೇರಿದ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಕುಲುಮೆ ಇತ್ತು, ಕುಲುಮೆಯ ಮುಂದೆ ಅವಳ ಮಾವ ಇದ್ದರು, ಮಾವ ಮಾಡುವ ಚಾಕುಗಳನ್ನು ಹುಡುಕಿಕೊಂಡು ದೂರದಿಂದ ಜನ ಬರುತ್ತಿದ್ದರು. ಹಾಗಾಗಿ ಅವರ ಸೊಸೆ ಎಂಬುದೇ ಅವಳ ಗುರುತಾಯಿತು, ಅದೇ ಉಳಿದುಕೊಂಡಿತು.

ಅವಳು ಬೆಳೆದದ್ದು ತಾಯಿಯ ಬೇಕರಿಯಲ್ಲಿ. ಹಿಟ್ಟು ಲಟ್ಟಿಸಿ, ಜಿಡ್ಡು ಸವರಿ, ಮಡಿಸಿ, ಮತ್ತೆ ಲಟ್ಟಿಸಿ, ಮತ್ತೆ ಮಡಿಸಿ ಪಫ್ ಮಾಡುವ ಕೆಲಸ ಅವಳ ಕೈಗೆ ನೀರು ಕುಡಿದಷ್ಟು ಸುಲಭ. ಒಲೆಯ ಬಿಸಿ ಅವಳಿಗೆ ಹೊಸದಲ್ಲ. ತೋಳಿನ ಮೇಲೆ ತಟ್ಟೆ ತಗುಲಿ ಸುಟ್ಟ ಕಲೆಗಳಿದ್ದವು. ಹೆಣ್ಣು ನೋಡಲು ಬಂದಾಗ ಅವಳ ತಾಯಿ ಉದ್ದ ತೋಳಿನ ರವಿಕೆ ಹಾಕಿಸಿ ಅವನ್ನು ಮುಚ್ಚಿಟ್ಟಿದ್ದಳಂತೆ. ಮುಚ್ಚಿಟ್ಟು ಏನು ಬಂತು? ಆ ಮನೆಯಲ್ಲಿ ಮಾವನ ತೋಳು ಅದಕ್ಕಿಂತ ಹೆಚ್ಚು ಸುಟ್ಟಿತ್ತು.

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಮಾವನಿಗೆ ಚಹಾ ಕೊಡಲು ಶೆಡ್ಡಿಗೆ ಹೋದವಳು ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು. ಮಾವ ಉಜ್ಜಿ ನಯ ಮಾಡಿದ ಚಾಕುವೊಂದನ್ನು ಕಂದು ಬಣ್ಣದ ಆಸಿಡ್ಡಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ನೀರಿನಲ್ಲಿ ತೊಳೆದರು. ಬೋಳಾಗಿದ್ದ ಅಲಗಿನ ಮೇಲೆ ಕಪ್ಪು ಬಿಳಿ ಗೆರೆಗಳು ಒತ್ತೊತ್ತಾಗಿ ಮೂಡಿದ್ದವು.

“ಮಾವ, ಇದು ಪಫ್ ಮಾಡಿದ ಹಾಗೇ ಅಲ್ವಾ? ಮಡಿಸೋದು, ಲಟ್ಟಿಸೋದು, ಮತ್ತೆ ಮಡಿಸೋದು?”

ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹೆತ್ತ ಮಗನ ತಲೆಗೆ ಎಷ್ಟು ತುಂಬಿದರೂ ಇಳಿಯದ ವಿಷಯವನ್ನು ಈ ಹುಡುಗಿ ಚಹಾ ತಂದವಳು ನಿಂತ ನಿಲುವಿನಲ್ಲಿ ಹೇಳಿಬಿಟ್ಟಳಲ್ಲ!

“ಹಾಗೇ ಅಂತಿಟ್ಕೋ,” ಎಂದರು. “ಆದ್ರೆ ಇದು ಕೆಟ್ರೆ ನಾಯಿಗೂ ಹಾಕೋಕಾಗಲ್ಲ.”

ಮರುದಿನದಿಂದ ಅವಳು ಶೆಡ್ಡಿಗೆ ಕಾಲಿಟ್ಟಳು. ಗಂಡನಿಗಂತೂ ಸ್ವರ್ಗ ಸಿಕ್ಕಿದಂತಾಯಿತು. “ಅಪ್ಪ ನನ್ನ ಬಿಟ್ಟು ನಿನ್ನ ಹಿಡ್ಕೊಂಡ್ರಾ? ಬದುಕಿದೆ ಬಿಡು!” ಎಂದು ಬಸ್ಸಿನ ಕೀ ತಿರುಗಿಸುತ್ತಾ ಹೋದ.

ಜನ ‘ಡಮಾಸ್ಕಸ್’ ಎಂದು ಬಾಯಿ ತುಂಬಾ ಹೇಳುವ ಆ ಚಾಕುಗಳ ಕಥೆ ಇಷ್ಟೇ. ಎರಡು ಜಾತಿಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ತಂತಿ ಬಿಗಿಯುವುದು. ಒಂದರಲ್ಲಿ ಇಂಗಾಲವಿದೆ, ನಿಕ್ಕಲ್ ಇಲ್ಲ. ಆಸಿಡ್ ಅದನ್ನು ಕಚ್ಚಿ ಕಪ್ಪಾಗಿಸುತ್ತದೆ. ಇನ್ನೊಂದರಲ್ಲಿ ನಿಕ್ಕಲ್ ಇದೆ. ಆಸಿಡ್ಡಿಗೆ ಅದು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ, ಬೆಳ್ಳಗೇ ಹೊಳೆಯುತ್ತದೆ. ಆ ಕಟ್ಟನ್ನು ಬೆಂಕಿಯಲ್ಲಿ ಕಾಯಿಸಿ, ಕಿಟ್ಟ ಕರಗಿಸುವ ಬಿಳಿಗಾರದ ಪುಡಿ ಎರಚಿ, ಬಡಿದು ಒಂದೇ ತುಂಡಾಗಿಸಬೇಕು. ಆಮೇಲೆ ಉದ್ದ ಎಳೆದು, ಕತ್ತರಿಸಿ, ಮತ್ತೆ ಪೇರಿಸಿ ಬಡಿಯಬೇಕು. ಪುರಾತನ ಕಾಲದ ಡಮಾಸ್ಕಸ್ ಬೇರೆಯೇ. ಅದು ಮೂಸೆಯಲ್ಲಿ ಕರಗಿಸಿ ನಿಧಾನವಾಗಿ ಆರಿಸಿದ ಉಕ್ಕು, ಅದರ ಗೆರೆ ಅದರೊಳಗಿಂದಲೇ ಹುಟ್ಟುತ್ತಿತ್ತು. ಮಾವ ಇದನ್ನು ಗಿರಾಕಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು: “ಹೆಸರು ಅವರದು, ಬೆವರು ನಮ್ದು.”

ಇದರಲ್ಲೆಲ್ಲ ಕಷ್ಟವಾದದ್ದು ಮೊದಲ ಬೆಸುಗೆ. ಉಕ್ಕು ಕರಗಬಾರದು, ಆದರೆ ಪಟ್ಟಿ ಪಟ್ಟಿಗೆ ಅಂಟಬೇಕು. ಬಿಸಿ ಕಡಿಮೆಯಾದರೆ ಮೇಲೆ ಅಂಟಿದಂತೆ ಕಂಡು ಒಳಗೆ ಬಿರುಕು ಉಳಿಯುತ್ತದೆ. ಅದಕ್ಕೆ ಕುಲುಮೆಯವರು ‘ಹಸಿ’ ಎನ್ನುತ್ತಾರೆ. ಬಿಸಿ ಹೆಚ್ಚಾದರೆ ಇಂಗಾಲ ಕಿಡಿಕಿಡಿಯಾಗಿ ಉರಿದು ಉಕ್ಕು ಪುಡಿಪುಡಿ. ಇವೆರಡರ ನಡುವಿನ ಹದವನ್ನು ಕಣ್ಣಿನಲ್ಲೇ ಹಿಡಿಯಬೇಕು. ಮಾವನ ಕುಲುಮೆಯಲ್ಲಿ ಬಿಸಿಗೆ ಅಡುಗೆಮನೆಯ ಹೆಸರುಗಳಿದ್ದವು: ಕೆಳಗಿನಿಂದ ಇಟ್ಟಿಗೆ, ಟೊಮೇಟೊ, ಕಿತ್ತಳೆ, ಬಾಳೆಹಣ್ಣು, ಅದರ ಮೇಲೆ ಬೆಣ್ಣೆ, ಅದರಾಚೆ ಕಿಡಿ.

“ಬಾಳೆಹಣ್ಣಿನ ಬಣ್ಣ ಬಂದಾಗ ತೆಗಿ,” ಎಂದರು ಮಾವ. “ಅದಕ್ಕಿಂತ ಮುಂಚೆನೂ ಅಲ್ಲ, ಆಮೇಲೂ ಅಲ್ಲ.”

ಪಾಠ ಅಷ್ಟೇ. ಪಕ್ಕದಲ್ಲಿ ನಿಂತು ತೋರಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ‘ಬೆಂಕಿಯ ಮುಂದೆ ಒಂದೇ ತಲೆ’ ಎಂಬುದು ಅವರ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಇಬ್ಬರು ಬಗ್ಗಿ ನೋಡಿದರೆ ಒಬ್ಬರಿಗೊಬ್ಬರು ಅಡ್ಡ, ಇಕ್ಕಳ ತಗುಲಿ ಸುಟ್ಟುಕೊಳ್ಳುವುದೇ ಲಾಭ ಎಂಬ ಲೆಕ್ಕ. ಮಾವ ಬೆಸುಗೆ ಹಾಕುವಾಗ ಕುಲುಮೆಯ ಬಾಯಿಗೆ ಅವರ ಅಗಲವಾದ ಬೆನ್ನು ಅಡ್ಡ ಇರುತ್ತಿತ್ತು. ಸೊಸೆ ಹಿಂದೆ ಪವರ್ ಹ್ಯಾಮರಿನ ಪೆಡಲಿನ ಮೇಲೆ ಕಾಲಿಟ್ಟು ಕಾಯುತ್ತಿದ್ದಳು. ತುಂಡು ಬೆಂಕಿಯಿಂದ ಹೊರಬಂದು ಹ್ಯಾಮರಿನ ಕೆಳಗೆ ಬರುವಷ್ಟರಲ್ಲಿ ಗಾಳಿ ತಾಗಿ ಒಂದು ಬಣ್ಣ ಇಳಿದಿರುತ್ತದೆ. ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಬಾಳೆಹಣ್ಣಿನ ಹಳದಿಯೇ. ಮಾವ ಹೇಳಿದ್ದು ಸರಿಯಾಗಿಯೇ ಇದೆ ಎಂದು ಅವಳು ನಂಬಿದ್ದರಲ್ಲಿ ಏನು ತಪ್ಪಿದೆ ಹೇಳಿ?

ಉಳಿದದ್ದೆಲ್ಲ ಅವಳು ಕಲಿತಳು. ಅಲಗು ತಿದ್ದುವುದು, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದು, ಆಮೇಲೆ ಮೆಲ್ಲಗೆ ಬಿಸಿ ತೋರಿಸಿ ಪೆಡಸುತನ ಇಳಿಸುವುದು, ಹಿಡಿ ಕೂರಿಸುವುದು, ಎಲ್ಲ. ಅವಳು ಸಾಣೆ ಹಿಡಿದ ಅಲಗಿನಲ್ಲಿ ಟೊಮೇಟೊ ತನ್ನ ಭಾರಕ್ಕೇ ಸೀಳಿಕೊಳ್ಳುತ್ತಿತ್ತು. ಬೆಸುಗೆ ಮಾತ್ರ ಕೈ ಹತ್ತಲಿಲ್ಲ. ಶುರುವಿನಲ್ಲಿ ಒಮ್ಮೆ ಬಾಳೆಹಣ್ಣು ದಾಟಿದ ಮೇಲೂ ಒಳಗೇ ಬಿಟ್ಟದ್ದರಿಂದ ತುಂಡು ಕಿಡಿ ಹಾರಿ ಹಾಳಾಯಿತು. ಮಾವ ಒಂದು ಇಡೀ ಬೇಸಿಗೆ ಅವಳನ್ನು ಬೆಂಕಿಯ ಹತ್ತಿರ ಸೇರಿಸಲಿಲ್ಲ. ಅಂದಿನಿಂದ ಅವಳು ಮಾವ ಹಾಕಿದ ಗೆರೆ ದಾಟಿದವಳಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಬಾಳೆಹಣ್ಣು ಬಂದ ಕೂಡಲೇ ತೆಗೆದು ಬಡಿಯುತ್ತಿದ್ದಳು. ಪ್ರತಿಸಲ ಹಸಿ. ಮಾವ ತುಂಡನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ ಬಾಗಿಸಿದರೆ ಟಪ್ ಎಂದು ಪದರ ಬಾಯಿ ಬಿಡುತ್ತಿತ್ತು.

“ನಿನಗೆ ಕಣ್ಣಿಲ್ಲ ಕಣಮ್ಮ,” ಎನ್ನುತ್ತಿದ್ದರು. “ಕೈ ಇದೆ, ಬೆನ್ನಿದೆ, ಹಠ ಅಂತೂ ಬೇಕಾದಷ್ಟಿದೆ. ಕಣ್ಣಿಲ್ಲ.”

ಶೆಡ್ಡಿನೊಳಗೆ ಹೇಳಿ ಸುಮ್ಮನಿದ್ದರೆ ಬೇರೆ ಮಾತು. ಬೀದಿಯಲ್ಲಿ ಕಟ್ಟೆ ಮೇಲೆ ಕುಳಿತಾಗಲೂ ಹೇಳಿದರು. “ನಮ್ಮ ಸೊಸೆ ಬಾಳೆಹಣ್ಣು ತೆಗಿ ಅಂದ್ರೆ ಬಾಳೆಕಾಯಿ ತೆಗೀತಾಳೆ!” ಜನಕ್ಕೇನು, ನಗಲು ಒಂದು ನೆಪ ಬೇಕು. ‘ಬಾಳೆಕಾಯಿ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಅವಳು ಮುಖ ಊದಿಸಿಕೊಂಡು ಒಳಗೆ ಹೋಗಿ, ಒಡೆದ ತುಂಡನ್ನು ಗುಜರಿಯ ಡಬ್ಬಕ್ಕೆ ಎಸೆದು, ಮರುದಿನ ಮತ್ತೆ ಪಟ್ಟಿ ಕತ್ತರಿಸಲು ಕೂರುತ್ತಿದ್ದಳು. ಹಾಳಾದ್ದು, ಕಲಿಯದೆ ಬಿಡೆ ಎಂಬ ಪಟ್ಟು. ಆದರೆ ಒಳಗೊಳಗೇ ತನಗೆ ನಿಜವಾಗಿಯೂ ಬೆಂಕಿ ನೋಡುವ ಕಣ್ಣಿಲ್ಲವೇನೋ ಎಂದು ನಂಬಲು ಶುರುಮಾಡಿದ್ದಳು.

ಹೀಗಿರುವಾಗ ಮಾವನ ಕಣ್ಣಿಗೆ ಪೊರೆ ಬಂತು. ಬಂತು ಎಂದರೆ ಒಂದೇ ದಿನಕ್ಕೆ ಬಂದದ್ದಲ್ಲ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದಿತ್ತು. ಮೆಟ್ಟಿಲಲ್ಲಿ ಎಡವಿ ಬಿದ್ದು, ಬಾಗಿಲಿನ ಚಿಲಕ ಕಾಣದೆ ತಡಕಾಡಿದ ಮೇಲೆ ಅತ್ತೆ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಮೊದಲು ಎಡಗಣ್ಣಿಗೆ ಆಪರೇಷನ್, ಅದು ಸರಿಹೋದ ಮೇಲೆ ಬಲಗಣ್ಣಿಗೆ ಎಂದರು ಡಾಕ್ಟರು.

ಆಪರೇಷನ್ನಿನ ಹಿಂದಿನ ಸಂಜೆ ಮಾವ ಊಟದ ತಟ್ಟೆಯ ಮುಂದೆ ಕುಳಿತು ಮಾತು ತೆಗೆದರು. ಶೆಡ್ಡಿನ ಪಕ್ಕದಲ್ಲೇ ಕಿಟಕಿಯ ಗ್ರಿಲ್ ಮಾಡುವವನ ಅಂಗಡಿ ಇತ್ತು. ಅವನಿಗೆ ಜಾಗ ಸಾಲದು. ನಿಮ್ಮ ಶೆಡ್ಡು ಕೊಡಿ, ಗೋಡೆ ಒಡೆದು ಒಂದು ಮಾಡುತ್ತೇನೆ ಎಂದು ಬಹಳ ದಿನಗಳಿಂದ ದುಂಬಾಲು ಬಿದ್ದಿದ್ದ.

“ಕಣ್ಣು ಬಂದ ಮೇಲೆ ಒಪ್ಪಿಕೊಂಡಿರೋ ಚಾಕುಗಳನ್ನ ಮುಗಿಸಿಬಿಡ್ತೀನಿ,” ಎಂದರು. “ಆಮೇಲೆ ಶೆಡ್ಡು ಅವನಿಗೆ.”

“ನಾನಿದ್ದೀನಲ್ಲ ಮಾವ,” ಎಂದಳು ಸೊಸೆ.

“ಹಸಿ ಇಲ್ಲದ ಒಂದು ತುಂಡು ತೋರಿಸು. ಒಂದೇ ಒಂದು. ಶೆಡ್ಡು ನಿನಗೇ. ಇಲ್ದಿದ್ರೆ ಬೆಸುಗೆ ಬರದವಳ ಕೈಗೆ ಕುಲುಮೆ ಕೊಟ್ಟು ನಾನೇನು ಮಾಡ್ಲಿ?”

ಗಂಡ ಅನ್ನ ಕಲಸುತ್ತಾ ಏನೋ ಹೇಳಲು ಬಾಯಿ ತೆರೆದ. ಅತ್ತೆ ಕಣ್ಣು ಕೆಕ್ಕರಿಸಿದಳು, ಅವನು ತುತ್ತು ಬಾಯಿಗಿಟ್ಟುಕೊಂಡ. ಸೊಸೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಶೆಡ್ಡು ಹೋದರೆ ತಾನು ಆ ಮನೆಯಲ್ಲಿ ಪಾತ್ರೆ ತೊಳೆದುಕೊಂಡು ಬಿದ್ದಿರುವವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮತ್ತೆಲ್ಲಿ ಹೋಗುವುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಮಾವ ಮಗುವಿನಂತಾಗಿದ್ದರು. ಗೋಡೆ ನೋಡಿದರು, ಆಕಾಶ ನೋಡಿದರು, ಹೆಂಡತಿಯನ್ನು ನೋಡಿ ಹೌಹಾರಿದರು.

“ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತೇ?”

“ನೀವು ನೋಡ್ದೇ ಇರುವಾಗ,” ಎಂದಳು ಅತ್ತೆ. “ಇನ್ನೊಂದು ಕಣ್ಣೂ ಬರಲಿ, ಸುಕ್ಕೂ ಕಾಣುತ್ತೆ. ಆಮೇಲೆ ಮನೆ ಬಿಟ್ಟು ಓಡ್ಹೋಗ್ಬೇಡಿ.”

ಬೆಂಕಿಯ ಹತ್ತಿರ ಹೋಗಲು ಡಾಕ್ಟರು ಒಪ್ಪಿದ ಮೇಲೆ ಮಾವ ಕನ್ನಡಕ ಹಾಕಿಕೊಂಡು ಶೆಡ್ಡಿಗೆ ಇಳಿದರು. ಎಂದಿನಂತೆ ಎಡಗಣ್ಣು ಮುಂದೆ ಮಾಡಿ ಬಗ್ಗಿ ನೋಡಿದರು, ಎಂದಿನಂತೆ ತೆಗೆದರು. ಸೊಸೆ ಪೆಡಲ್ ಒತ್ತಿದಳು. ಹ್ಯಾಮರ್ ಬಡಿಯಿತು. ಆ ಸದ್ದು ಕೇಳಿದೊಡನೆ ಅವಳು ಪೆಡಲಿನಿಂದ ಕಾಲು ತೆಗೆದಳು. ಗಟ್ಟಿ ತುಂಡಿನ ಸದ್ದಲ್ಲ ಅದು. ಒಡಕು ಸದ್ದು, ಅವಳ ತುಂಡುಗಳೇ ಮಾಡುತ್ತಿದ್ದ ಸದ್ದು. ಮಾವ ವೈಸಿಗೆ ಕೊಟ್ಟು ಬಾಗಿಸಿದರು. ಟಪ್!

ಇಬ್ಬರೂ ಒಡೆದ ತುಂಡನ್ನೇ ನೋಡುತ್ತಾ ನಿಂತರು. ಮಾವನ ಕೈಯಲ್ಲಿ ಬೆಸುಗೆ ಬಿಡುವುದನ್ನು ಅವಳು ಕಂಡಿರಲಿಲ್ಲ, ಮಾವನೂ ಕಂಡು ಬಹಳ ವರ್ಷಗಳಾಗಿದ್ದವು.

“ಬಿಳಿಗಾರ ಹಳೇದು,” ಎಂದರು ಮಾವ. ಹೊಸ ಬಿಳಿಗಾರ ತರಿಸಿದರು. ಒಡೆಯಿತು. ಇದ್ದಿಲಿನಲ್ಲಿ ಕಲ್ಲು ಬೆರೆಸಿದ್ದಾನೆ ಎಂದು ಇದ್ದಿಲಿನವನಿಗೆ ಬಾಯಿಗೆ ಬಂದಂತೆ ಬೈದರು. ಬೇರೆ ಇದ್ದಿಲು ಬಂತು. ಒಡೆಯಿತು. ಉಕ್ಕು ಖೋಟಾ ಎಂದರು. ಪಟ್ಟಿ ಉಜ್ಜಿದವಳು ಸರಿಯಾಗಿ ಉಜ್ಜಿಲ್ಲ ಎಂದೂ ಅಂದರು, ಉಜ್ಜಿದವಳು ಸೊಸೆ. ಅವಳಿಗೆ ರೇಗಿತು, ಆದರೂ ಮರುದಿನ ಕನ್ನಡಿಯಂತೆ ಉಜ್ಜಿ ಕೊಟ್ಟಳು. ಅದೂ ಒಡೆಯಿತು. ಅವತ್ತು ಮಾವ ಬೈಯಲಿಲ್ಲ. ಇಕ್ಕಳವನ್ನು ಮೊಳೆಗೆ ನೇತುಹಾಕಿ, ಕೈ ತೊಳೆದು, ಮನೆಯೊಳಗೆ ಹೋಗಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಸೊಸೆಗೆ ಭಯವಾಯಿತು. ಅವರು ಕೂಗಾಡಿದರೆ ತಡೆದುಕೊಳ್ಳಬಹುದಿತ್ತು, ಈ ಮೌನವನ್ನು ತಡೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಗ್ರಿಲ್ಲಿನವನಿಗೆ ನಾಳೆ ಮಧ್ಯಾಹ್ನ ಬಾ ಎಂದು ಮಾವ ಹೇಳಿ ಕಳುಹಿಸಿದ್ದು ಅದರ ಮಾರನೆಯ ದಿನವೇ. ಆ ಬೆಳಿಗ್ಗೆ ಆಸ್ಪತ್ರೆಗೆ ತೋರಿಸಲು ಹೊರಡಬೇಕಿತ್ತು. ಅತ್ತೆ ಒಗೆದ ಅಂಗಿ ತಂದು ಕೊಟ್ಟಳು. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಸೋಪು ಬದಲಾಯಿಸಿದ್ಯೇನೇ? ಈ ಅಂಗಿ ಹಳದಿ ಕಟ್ಟಿತ್ತಲ್ಲ.”

“ಯಾವ ಸೋಪೂ ಬದಲಾಯಿಸಿಲ್ಲ. ಎಷ್ಟು ವರ್ಷ ನನ್ನ ಒಗೆತಕ್ಕೆ ಹೆಸರಿಟ್ರಿ! ಅಂಗಿ ಯಾವತ್ತೂ ಬೆಳ್ಳಗೇ ಇತ್ತು ರೀ. ಹಳದಿ ಕಟ್ಟಿದ್ದು ನಿಮ್ಮ ಕಣ್ಣಿಗೆ.”

ಅಡುಗೆಮನೆಯಲ್ಲಿ ಸಾರಿನ ಸೌಟು ಹಿಡಿದಿದ್ದ ಸೊಸೆ ಹಾಗೇ ನಿಂತಳು. ಸಾರು ಉಕ್ಕಿ ಒಲೆಯ ಮೇಲೆ ಸುರಿಯಿತು. ಸುರಿಯಲಿ! ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಬಿಳಿ ಅಂಗಿ ಹಳದಿಯಾಗಿ ಕಾಣುವ ಕಣ್ಣಿಗೆ ಬೆಂಕಿ ಹೇಗೆ ಕಂಡೀತು?

ಅವಳು ಸೌಟು ಹಿಡಿದುಕೊಂಡೇ ಅತ್ತೆಯ ಹತ್ತಿರ ಹೋದಳು. “ಅತ್ತೆ, ಮಾವ ಮುಂಚಿನಿಂದಲೂ ಬಾಳೆಹಣ್ಣಿಗೇ ತೆಗೀತಿದ್ರಾ?”

“ಏನು ಬಾಳೆಹಣ್ಣು?”

“ಬೆಸುಗೆ ಹಾಕುವಾಗ. ಬಣ್ಣಕ್ಕೆ ಏನಂತಿದ್ರು, ನೀವು ಈ ಮನೆಗೆ ಬಂದಾಗ?”

ಅತ್ತೆಯ ಮುಖ ಅರಳಿತು. “ಅಯ್ಯೋ, ಅದನ್ನ ಯಾಕೆ ಕೇಳ್ತೀಯಾ! ಬಂದ ಹೊಸದು, ನಂಗೇನು ಗೊತ್ತು? ಶೆಡ್ಡಿನಿಂದ ‘ಬೆಣ್ಣೆ, ಬೆಣ್ಣೆ, ಬೆಣ್ಣೆ ಬಂತು’ ಅಂತ ಇವರ ಅಪ್ಪನಿಗೆ ಕೂಗ್ತಿದ್ರು. ನಾನು ಓಡ್ಹೋಗಿ ಒಂದು ಬಟ್ಟಲು ಬೆಣ್ಣೆ ತಗೊಂಡ್ಹೋಗಿ ಕೊಟ್ಟೆ. ಅಪ್ಪ ಮಗ ಇಬ್ರೂ ಹೊಟ್ಟೆ ಹಿಡ್ಕೊಂಡು ನಕ್ರು. ನಾಚಿಕೆಯಿಂದ ಸತ್ತೇ ಹೋಗಿದ್ದೆ ನಾನು.”

ಬೆಣ್ಣೆ! ಸೊಸೆಗೆ ಎಲ್ಲ ಹೊಳೆಯಿತು. ಕುಲುಮೆಯ ಬಣ್ಣ ಬದಲಾಗಿರಲಿಲ್ಲ. ಪೊರೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಳದಿಯಾಗುತ್ತಾ ಬಂದ ಹಾಗೆ ಮಾವನ ಕಣ್ಣಿನಲ್ಲಿ ಬೆಣ್ಣೆಯೇ ಬಾಳೆಹಣ್ಣಾಗಿತ್ತು. ಅವರು ತೆಗೆಯುತ್ತಿದ್ದ ಬಿಸಿ ಸರಿಯಾಗಿಯೇ ಇತ್ತು, ಹೆಸರು ಮಾತ್ರ ಕೆಳಗಿಳಿದಿತ್ತು. ಆ ಹೆಸರನ್ನೇ ಅವಳಿಗೆ ಕೊಟ್ಟಿದ್ದರು. ಈಗ ಹೊಸ ಕಣ್ಣಿನಲ್ಲಿ ನೋಡಿ ಅವರೂ ನಿಜವಾದ ಬಾಳೆಹಣ್ಣಿಗೆ ತೆಗೆಯುತ್ತಿದ್ದರು, ಅವಳು ಇಷ್ಟು ವರ್ಷ ತೆಗೆದ ಹಾಗೆ.

ಅವರಿಬ್ಬರು ಆಸ್ಪತ್ರೆಗೆ ಹೋದ ಮೇಲೆ ಅವಳು ಕುಲುಮೆ ಹೊತ್ತಿಸಿದಳು. ಒಳ್ಳೆಯ ಉಕ್ಕು ಉಳಿದದ್ದು ಎರಡು ಕಟ್ಟಿಗೆ ಆಗುವಷ್ಟು. ಮೊದಲನೆಯದನ್ನು ಒಳಗಿಟ್ಟು ಬಾಳೆಹಣ್ಣು ದಾಟಿಸಿದಳು. ಮಾವನ ಮಾತು ದಾಟಿ ಅಭ್ಯಾಸವಿಲ್ಲ ನೋಡಿ. ಇನ್ನೂ ಇರಲಿ, ಇನ್ನೂ ಇರಲಿ ಎಂದು ಬಿಟ್ಟದ್ದು ಅತಿಯಾಯಿತು. ಚಿಟಿಚಿಟಿ ಎಂದು ಕಿಡಿ ಹಾರಿತು. ಹೊರಗೆಳೆದು ಬಡಿದರೆ ಹಳೇ ಬಿಸ್ಕತ್ತಿನಂತೆ ಉದುರಿತು.

ಅವಳು ಗಟಗಟ ನೀರು ಕುಡಿದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಉಳಿದದ್ದು ಒಂದೇ ಕಟ್ಟು. ಹೋದರೆ ಹೋಗಲಿ, ಕೈಕಟ್ಟಿ ಕೂರುವವಳು ನಾನಲ್ಲ ಎಂದು ಹಲ್ಲು ಕಚ್ಚಿ ಅದನ್ನೂ ಬೆಂಕಿಗಿಟ್ಟಳು. ಈ ಸಲ ಗಾಳಿ ಊದುವ ಬ್ಲೋವರ್ ತಗ್ಗಿಸಿ ನಿಧಾನಕ್ಕೆ ಕಾಯಿಸಿದಳು. ಕಿತ್ತಳೆ ಹೋಗಿ ಬಾಳೆಹಣ್ಣು ಬಂತು. ಬಿಳಿಗಾರ ಅಂಟಂಟಾಗಿ ಕುದಿಯುತ್ತಿತ್ತು. ಅವಳು ತೆಗೆಯಲಿಲ್ಲ. ಹಳದಿ ತಿಳಿಯಾಗುತ್ತಾ ಹೋಯಿತು, ಬಿಳಿಗಾರ ತೆಳ್ಳಗೆ ನೀರಾಗಿ ಹರಿಯಿತು, ತುಂಡಿಗೂ ಸುತ್ತಲಿನ ಬೆಂಕಿಗೂ ಬಣ್ಣದ ವ್ಯತ್ಯಾಸವೇ ಕಾಣದಂತಾಯಿತು. ಬೆಣ್ಣೆ ಎಂದು ತನಗೇ ಹೇಳಿಕೊಂಡು ತೆಗೆದಳು, ಬಡಿದಳು. ಹ್ಯಾಮರಿನ ಸದ್ದು ದಪ್ಪಗೆ, ತುಂಬಿಕೊಂಡು ಬಂತು. ತಣ್ಣಗಾದ ಮೇಲೆ ತುದಿ ಕತ್ತರಿಸಿ ಉಜ್ಜಿ ನೋಡಿದಳು, ವೈಸಿಗೆ ಕೊಟ್ಟು ಮೈಭಾರ ಬಿಟ್ಟು ಬಾಗಿಸಿದಳು. ಬಾಗಿತು, ಬಾಯಿ ಬಿಡಲಿಲ್ಲ.

ಖುಷಿ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಡಬ್ಬ ಡಬ್ಬ ಗುಜರಿಗೆ ಹೋದ ತುಂಡುಗಳು, ಕಟ್ಟೆಯ ಮೇಲಿನ ನಗು, ಕನ್ನಡಿಯ ಮುಂದೆ ನಿಂತು ನನಗೇ ಕಣ್ಣಿಲ್ಲ ಎಂದುಕೊಂಡ ಬೆಳಗುಗಳು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಶೆಡ್ಡಿನ ನೆಲದ ಮೇಲೆ ಕುಳಿತು ಗಳಗಳ ಅತ್ತಳು. ಈ ತುಂಡನ್ನು ಮಾವನ ಮುಂದೆ ಎಸೆದು ‘ನೋಡಿ’ ಎನ್ನಬೇಕು ಎನಿಸಿತು. ಎಸೆಯಬಹುದಿತ್ತು, ಶೆಡ್ಡು ಅವಳದಾಗುತ್ತಿತ್ತು. ಆದರೆ ಮಾವ ತನ್ನ ಕೈ ಮುಗಿದೇ ಹೋಯಿತು ಎಂದುಕೊಂಡು ಗೋಡೆ ನೋಡುತ್ತಾ ಮಲಗಿಯೇ ಇರುತ್ತಿದ್ದರು. ಅದೂ ಅವಳಿಗೆ ಬೇಡವಾಗಿತ್ತು. ನಾಳೆ ಮಾವನ ಕಣ್ಣೆದುರೇ ಬೆಸೆಯಲೆಂದು ಅವಳು ತುಂಡನ್ನು ಎರಡು ಮಾಡಿ, ಉಜ್ಜಿ, ಪೇರಿಸಿ, ತಂತಿ ಸುತ್ತಿ ಇಟ್ಟಳು.

ಮರುದಿನ ಮಧ್ಯಾಹ್ನ ಗ್ರಿಲ್ಲಿನವನು ಬರುವವನಿದ್ದ. ಅದಕ್ಕೆ ಮೊದಲೇ ಅವಳು ಕುಲುಮೆ ಕಾಯಿಸಿ, ಮನೆಯೊಳಗೆ ಹೋಗಿ, ಮಂಚದ ಪಕ್ಕ ನಿಂತಳು.

“ಮಾವ, ಏಳಿ. ಶೆಡ್ಡಿಗೆ ಬನ್ನಿ.”

“ಯಾಕಮ್ಮ? ಮುಗೀತಲ್ಲ ಎಲ್ಲ.”

“ಮುಗಿದಿದ್ಯೋ ಇಲ್ವೋ ಆಮೇಲೆ ನೋಡೋಣ. ಏಳಿ ಮೊದ್ಲು.”

ಸೊಸೆ ಆ ದನಿಯಲ್ಲಿ ಮಾತಾಡಿದ್ದನ್ನು ಮಾವ ಕೇಳಿರಲಿಲ್ಲ. ಎದ್ದು ಬಂದರು. ತುಂಡು ಬೆಂಕಿಯೊಳಗಿತ್ತು. ಅವಳು ಕುಲುಮೆಯ ಬಾಯಿಯಲ್ಲಿ ಅವರಿಗೆ ಜಾಗ ಬಿಟ್ಟು ಪಕ್ಕದಲ್ಲೇ ನಿಂತಳು.

“ಬೆಂಕಿ ಮುಂದೆ ಒಂದೇ ತಲೆ,” ಎಂದರು ಮಾವ.

“ಇವತ್ತು ಎರಡು. ಎಡಗಣ್ಣು ಮುಚ್ಕೊಳ್ಳಿ, ಹಳೇ ಕಣ್ಣಲ್ಲಿ ನೋಡಿ. ಯಾವ ಬಣ್ಣ?”

ಮಾವ ಅಂಗೈಯಿಂದ ಎಡಗಣ್ಣು ಮುಚ್ಚಿದರು. “ಕಿತ್ತಳೆ.”

“ಈಗ ಅದನ್ನ ಮುಚ್ಚಿ ಹೊಸ ಕಣ್ಣಲ್ಲಿ ನೋಡಿ.”

“ಬಾ...” ಎಂದವರು ನಿಲ್ಲಿಸಿದರು. ಕೈ ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ಎಡ, ಬಲ, ಎಡ, ಬಲ. “ಇದಕ್ಕೆ ಬಾಳೆಹಣ್ಣು, ಅದಕ್ಕೆ ಕಿತ್ತಳೆ. ಇದೇನಿದು? ಒಂದೇ ತುಂಡು ತಾನೆ?”

“ಒಂದೇ ತುಂಡು. ತೆಗೀಬೇಡಿ. ಹಳೇ ಕಣ್ಣಿಗೆ ಬಾಳೆಹಣ್ಣು ಬರೋವರೆಗೂ ಕಾಯೋಣ.”

ಕಾದರು. ಮಾವ ಎಡಗಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಗ್ಗಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

“ಬಂತು,” ಎಂದರು. “ಬಾಳೆಹಣ್ಣು. ಇದೇ ಬಣ್ಣ. ನಾನು ತೆಗೀತಿದ್ದಿದ್ದು ಇದಕ್ಕೇ.”

“ಹೊಸ ಕಣ್ಣಿಗೆ?”

ಮಾವ ಕೈ ಬದಲಾಯಿಸಿದರು. ಬೆಂಕಿಗೆ ಇನ್ನಷ್ಟು ಬಗ್ಗಿದರು.

“ಬೆಣ್ಣೆ,” ಎಂದರು.

ಸೊಸೆ ಇಕ್ಕಳ ಹಾಕಿ ತುಂಡನ್ನು ಎಳೆದಳು, ಹ್ಯಾಮರಿನ ಕೆಳಗಿಟ್ಟು ತಾನೇ ಪೆಡಲ್ ಒತ್ತಿದಳು. ಮತ್ತೆ ಕಾಯಿಸಿದಳು, ಮತ್ತೆ ಬಡಿದಳು. ಸದ್ದು ಕೇಳಿದ ಮೇಲೆ ವೈಸಿಗೆ ಕೊಟ್ಟು ನೋಡುವ ಅಗತ್ಯ ಇಬ್ಬರಿಗೂ ಇರಲಿಲ್ಲ. ಆದರೂ ಕೊಟ್ಟಳು. ತುಂಡು ಬಾಗಿ ನಿಂತಿತು. ಮಾವ ಅದರ ಅಂಚಿನ ಮೇಲೆ ಉಗುರು ಎಳೆದು ನೋಡಿದರು, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

“ಹಾಗಾದ್ರೆ ನೀನು ಇಷ್ಟು ವರ್ಷ...”

“ನೀವು ಹೇಳಿದ ಹಾಗೇ ಮಾಡಿದೆ ಮಾವ. ಬಾಳೆಹಣ್ಣಿಗೆ ತೆಗಿ ಅಂದ್ರಿ, ಬಾಳೆಹಣ್ಣಿಗೇ ತೆಗೆದೆ. ಒಂದು ಸಲನೂ ತಪ್ಪಲಿಲ್ಲ.”

“ಕಣ್ಣಿಲ್ಲ ಅಂದೆನಲ್ಲಮ್ಮ ನಿನಗೆ.”

“ಅಂದ್ರಿ.”

“ಬೀದೀಲಿ ಎಲ್ಲರ ಮುಂದೆ ಅಂದೆ.”

“ಹೂಂ. ಎಲ್ಲರ ಮುಂದೆನೇ ಅಂದ್ರಿ.”

‘ಪರವಾಗಿಲ್ಲ ಬಿಡಿ ಮಾವ’ ಎಂದು ಅವಳು ಹೇಳಲಿಲ್ಲ. ಯಾಕೆ ಹೇಳಬೇಕು? ಅವಳಿಗೆ ನೋವಾಗಿತ್ತು. ಮಾವನೂ ಆ ಮಾತನ್ನು ನಿರೀಕ್ಷಿಸಿದಂತೆ ಕಾಣಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕುಳಿತು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. ಅವಳು ಎಳೆದ ತುಂಡನ್ನು ಕತ್ತರಿಸಿ, ಉಜ್ಜಿ, ಪೇರಿಸಿ ಮತ್ತೆ ಬೆಂಕಿಗಿಟ್ಟಳು. ಒಪ್ಪಿಕೊಂಡ ಚಾಕುಗಳು ಇನ್ನೂ ಹಾಗೇ ಬಾಕಿ ಇದ್ದವು.

ಆಗ ಬಾಗಿಲು ಧಡಾರನೆ ತೆರೆಯಿತು. ಗ್ರಿಲ್ಲಿನವನು ಅಳತೆಯ ಟೇಪು ಕೈಯಲ್ಲಿ ಹಿಡಿದೇ ಬಂದಿದ್ದ, ಹಿಂದೆ ಟೈಲರೂ ಇನ್ನಿಬ್ಬರೂ ಏನಾಗುತ್ತದೋ ನೋಡೋಣವೆಂದು ಬಂದಿದ್ದರು. ಬೇರೆಯವರ ಗೋಡೆ ಬೀಳುವುದನ್ನು ನೋಡಲು ಜನಕ್ಕೆ ಬಿಡುವು ಯಾವಾಗಲೂ ಇರುತ್ತದೆ.

“ಗೋಡೆ ಎಲ್ಲಿಂದ ಒಡೀಬೇಕು ಯಜಮಾನ್ರೇ?” ಎಂದ ಗ್ರಿಲ್ಲಿನವನು.

ಮಾವ ಎದ್ದು ನಿಂತರು. “ನನ್ನನ್ನ ಯಾಕಪ್ಪಾ ಕೇಳ್ತೀಯಾ? ಶೆಡ್ಡು ಅವಳದು.” ಆಮೇಲೆ ಟೈಲರ್ ಕಡೆ ತಿರುಗಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಕೇಳಿಸ್ಕೊಳ್ಳಿ ಎಲ್ಲರೂ. ಕಣ್ಣು ಕೆಟ್ಟಿದ್ದು ನಂದು. ನಾನು ತಪ್ಪು ಹೇಳ್ಕೊಟ್ಟೆ, ಇವಳು ಸರಿಯಾಗಿ ಕಲಿತಳು. ಇನ್ಮೇಲೆ ಇವಳನ್ನ ಬಾಳೆಕಾಯಿ ಅಂದವರು ಚಾಕು ಹಿಡ್ಕೊಂಡು ಈ ಬಾಗಿಲಿಗೆ ಬರಬೇಡಿ.”

ಗ್ರಿಲ್ಲಿನವನ ಟೇಪು ಸರ್ರನೆ ಒಳಕ್ಕೆ ಸುತ್ತಿಕೊಂಡಿತು. ಎಲ್ಲರೂ ಸೊಸೆಯ ಕಡೆ ನೋಡಿದರು. ಅವಳು ತಿರುಗಲಿಲ್ಲ. ಅಳುತ್ತಿದ್ದಳೋ ಏನೋ, ಬೆನ್ನು ಮಾತ್ರ ಕಾಣುತ್ತಿತ್ತು.

“ಒಳಗೆ ಬರೋದಾದ್ರೆ ಬನ್ನಿ, ಹೋಗೋದಾದ್ರೆ ಹೋಗಿ,” ಎಂದಳು, ಕಣ್ಣು ಬೆಂಕಿಯಿಂದ ತೆಗೆಯದೆ. “ಬಾಗಿಲು ಮಾತ್ರ ಹಾಕಿ. ಬಿಸಿಲು ಬಿದ್ರೆ ನನಗೆ ಬಣ್ಣ ಕಾಣಲ್ಲ.”

ಮಾವ ಹೋಗಿ ಬಾಗಿಲು ಹಾಕಿಕೊಂಡು ಬಂದರು. ಆಮೇಲೆ ಅವಳ ಹಿಂದೆ, ಹ್ಯಾಮರಿನ ಪೆಡಲಿನ ಮೇಲೆ ಕಾಲಿಟ್ಟು, ಅವಳು ಹೇಳುವುದನ್ನೇ ಕಾಯುತ್ತಾ ನಿಂತರು.